ಯಾವ ಡಯಟ್ ಎಂದು ಕೇಳಿದೆಯಲ್ಲ

ನಂಜನಗೂಡು
೧೪ ಜೂನ್ ೨೦೨೫

ಪ್ರೀತಿಯ ಸುಚೇತಾ,

ತಿ. ನರಸೀಪುರದಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಿನ್ನ ತಂಗಿಯ ಮದುವೆಯಲ್ಲಿ ನನ್ನನ್ನು ಕಂಡವಳೇ "ಅರ್ಧ ಆಗ್ಬಿಟ್ಟಿದೀಯಲ್ಲೇ ವಿಭಾ! ಯಾವ ಡಯಟ್ಟು? ನಂಗೂ ಹೇಳೇ" ಎಂದಿದ್ದೆ. ಆಮೇಲೂ ಮೆಸೇಜ್ ಮಾಡಿ ಕೇಳಿದೆ. ಉತ್ತರಿಸಲಿಲ್ಲ, ಕ್ಷಮಿಸು. ಫೋನಿನಲ್ಲಾದರೆ ನೀನು ಅಳುತ್ತೀಯ, ನನಗೆ ಮಾತು ಮುಂದುವರಿಯುವುದಿಲ್ಲ. ಅದಕ್ಕೇ ಈ ಕಾಗದ.

ಅಲ್ಲಿಯ ಶಾಲೆಯಲ್ಲಿ ಜೊತೆಗೆ ಪಾಠ ಮಾಡುತ್ತಿದ್ದಾಗಿನಿಂದ ತೂಕ ಇಳಿಸಲು ನಾವಿಬ್ಬರೂ ಪಟ್ಟ ಪಾಡು ನಿನಗೇ ಗೊತ್ತು. ನೀನು ಕೀಟೋ ಎಂದು ಅನ್ನ ಬಿಟ್ಟೆ. ಪನೀರು, ತುಪ್ಪ ತಿಂದೇ ಬೇಗ ಇಳಿದೆ. ಕೂದಲು ಉದುರಿತು, ಅನ್ನ ಶುರುಮಾಡಿದೊಡನೆ ತೂಕವೆಲ್ಲ ವಾಪಸು ಬಂತು. ನಾನು ಹದಿನಾರು ಗಂಟೆಯ ಉಪವಾಸ ಹಿಡಿದೆ. "ಏಕಾದಶಿ ಮಾಡೇ ಅಂದ್ರೆ ಆಗಲ್ಲ ಅಂತಿದ್ದೆ, ಈಗ ಇಂಗ್ಲಿಷ್ ಹೆಸರಿಟ್ಕೊಂಡು ದಿನಾ ಮಾಡ್ತೀಯಾ" ಎಂದು ನಮ್ಮತ್ತೆ ಜಲಜಮ್ಮ ನಕ್ಕರು. ತೂಕ ನಿಧಾನವಾಗಿ ಇಳಿಯಿತು, ಆದರೆ ಪಾಠ ಮಾಡುವಾಗ ತಲೆ ಸುತ್ತಿ ಮೇಜು ಹಿಡಿದುಕೊಳ್ಳುವಂತಾಯಿತು. ಕೊನೆಗೆ ಅರ್ಧ ಅನ್ನ, ಜಾಸ್ತಿ ಪಲ್ಯ, ಸಂಜೆ ಕಪಿಲೆಯ ದಡದಲ್ಲಿ ನಡಿಗೆ. ಅದೊಂದೇ ಮೈಗೆ ಒಗ್ಗಿದ್ದು. ತೂಕ ಮಾತ್ರ ಅಷ್ಟಕ್ಕಷ್ಟೇ. ಸಂಕ್ರಾಂತಿಯ ಹೊತ್ತಿಗೆ ಬೇಸತ್ತು ಎಲ್ಲವನ್ನೂ ಬಿಟ್ಟೆ.

ಬಿಟ್ಟ ಮೇಲೆ ಇಳಿಯತೊಡಗಿತು, ಸುಚಿ. ರವಿಕೆಗಳು ಸಡಿಲವಾದವು. ಬೆನ್ನು ನೋಯುತ್ತಿತ್ತು, ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಗಳಿದರು, ನಾನೂ ಹಿಗ್ಗಿದೆ. ಕಣ್ಣು ಹಳದಿಯಾದಾಗ ಅತ್ತೆಯೇ ಹೆದರಿ ಮೈಸೂರಿಗೆ ಹೊರಡಿಸಿದರು.

"ಇಷ್ಟು ತೂಕ ಇಳಿದ್ರೂ ಯಾಕಮ್ಮ ಬರ್ಲಿಲ್ಲ?" ಎಂದರು ಡಾಕ್ಟರು.

"ಎಲ್ರೂ ಚೆನ್ನಾಗಿ ಕಾಣ್ತೀಯ ಅಂತಿದ್ರು ಡಾಕ್ಟ್ರೇ" ಎಂದೆ. ಅವರು ಅವತ್ತೇ ಸ್ಕ್ಯಾನಿಂಗಿಗೆ ಬರೆದುಕೊಟ್ಟರು.

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಯಕೃತ್ತಿಗೂ ಹರಡಿದೆ, ಆಪರೇಷನ್ ಆಗುವುದಿಲ್ಲವಂತೆ. ಔಷಧಿ ಶುರುವಾಗಿದೆ. ಅತ್ತೆ ಬಟ್ಟಲು ಹಿಡಿದು ಹಿಂದೆ ಹಿಂದೆಯೇ ಬರುತ್ತಾರೆ: "ಒಂದ್ ತುತ್ತು ತಿನ್ನೇ, ನನ್ನಾಣೆ." ಒಗ್ಗರಣೆಯ ವಾಸನೆಗೇ ನನಗೆ ಹೊಟ್ಟೆ ತೊಳಸುತ್ತದೆ.

ನೀನು ಡಯಟ್ ಮಾಡು, ಬಿಡು, ನಿನ್ನಿಷ್ಟ. ಏನೂ ಮಾಡದೆಯೇ ಇಳಿದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸು. ನಿನ್ನ ಮಗಳಿಗೆ ನನ್ನ ಆಶೀರ್ವಾದ. ಹೊಟ್ಟೆ ತುಂಬ ಉಂಡು ನೂರು ಕಾಲ ಬಾಳಲಿ.

ನಿನ್ನ
ವಿಭಾ

ಮತ್ತೊಂದು ಮಾತು: ನಮ್ಮ ಯಜಮಾನರು ಮದುವೆಯಾದಾಗಿನಿಂದ ಫೋಟೋಗಳಲ್ಲಿ ನನ್ನಿಂದ ದೂರವೇ ನಿಲ್ಲುತ್ತಿದ್ದರು. ಈ ಯುಗಾದಿಯ ದಿನ ತಾವಾಗಿಯೇ ಹೆಗಲ ಮೇಲೆ ಕೈಹಾಕಿ, "ಈಗ ನೋಡು, ನನ್ನ ಹೆಂಡ್ತಿ ಅನ್ನೋ ಹಾಗಿದೀಯ" ಎಂದು ಫೋಟೋ ತೆಗೆಸಿಕೊಂಡರು. ಆ ಹೊತ್ತಿಗಾಗಲೇ ಅದು ಹರಡಿತ್ತಂತೆ. ಈಗ ಆ ಮಾತನ್ನು ನೆನೆದು ಅವರು ಅಳುತ್ತಾರೆ. ನನಗೆ ತಾಳಲಾಗದ್ದು ಬೇರೆ, ಸುಚಿ. ನನ್ನ ಸಂಸಾರದಲ್ಲಿ ಅಷ್ಟು ಸಂತೋಷದ ದಿನ ಮತ್ತೊಂದಿಲ್ಲ.