ಎಷ್ಟು ತಾಸಿನ ದಾರಿ

ರಂಜನಾ,

ಕಾರವಾರಕ್ಕೆ ಹೃದಯದ ಡಾಕ್ಟರು ಬರುತ್ತಾರೆ ಎಂದರು, ಬರಲಿಲ್ಲ. ದೊಡ್ಡಾಸ್ಪತ್ರೆ ಕಟ್ಟುತ್ತೇವೆ ಎಂದರು, ಕಟ್ಟಲಿಲ್ಲ. ಅಲ್ಲಿಯವರೆಗೆ ಹೊಸ ಅಂಬುಲೆನ್ಸ್ ಎಂದರು. ಬಂದದ್ದು ಹಳೆಯದೇ. ಮಣಿಪಾಲಕ್ಕೆ ಒಯ್ಯುವಾಗ ಅದರಲ್ಲೇ ನಿನ್ನ ಜೀವ ಹೋಯಿತು, ಅಂಕೋಲಾ ದಾಟಿ ಕುಮಟೆ ಮುಟ್ಟುವ ಮೊದಲು.

ಇವತ್ತು ದೇವಬಾಗದ ಸಂದೇಶ ಬಂದಿದ್ದ, ಹಡಗಿನ ಅಡುಗೆಯವನು. ಸ್ಪೇನಿನ ಬಂದರೊಂದರಲ್ಲಿ ಅವನಿಗೂ ಎದೆನೋವು ಬಂತಂತೆ. ಯಾರೇ ಬಿದ್ದರೂ ಮೊದಲು ಗೋವೆಯೋ ಮಣಿಪಾಲವೋ ಎಂದು ವಾದಿಸುವ ಊರಿನವನಲ್ಲವೇ!

"ಗಾಡಿಲಿ ಮಲಗ್ಸಿದ್ ಕೂಡ್ಲೆ ಕೇಳ್ದೆ, ಎಷ್ಟ್ ತಾಸಿನ ದಾರಿ ಅಂತ. ನರ್ಸಿಗೆ ಪ್ರಶ್ನೆನೇ ತಿಳೀಲಿಲ್ಲ ಮಾರಾಯಾ! ಏಳು ನಿಮಿಷ ಅಂದ್ಲು. ಸರಕಾರಿ ಆಸ್ಪತ್ರೆ!"

"ಅಲ್ಲಿ ಖಾಸಗಿ ಇಲ್ವನಾ?"

"ಅದೆ. ಆದ್ರೆ ಎದೆನೋವಿಗೆ ಸಾಹುಕಾರ್ರೂ ಸರಕಾರಿಗೇ ಓಡ್ತಾರೆ. ಪಕ್ಕದ ಹಾಸಿಗೆಲಿ ಒಬ್ಬ ಜಡ್ಜ್ ಇದ್ದ. ಅವಂಗೂ ನಂಗೂ ಒಂದೇ ಸಪ್ಪೆ ಸಾರು! ಅಮೆರಿಕದ ಬಂದರಲ್ಲಿ ನಮ್ಮ ಹಡಗಿನವ್ನೇ ಒಬ್ಬ ಬಿದ್ದಾಗ ಮೊದ್ಲು ಕೇಳಿದ್ದು ವಿಮೆ ಕಾರ್ಡು."

ಮಣಿಕಟ್ಟು ತೋರಿಸಿದ. ಸಾಸಿವೆಯಷ್ಟು ಕಲೆ. ಅಲ್ಲಿಂದ ತಂತಿ ತೂರಿಸಿ ಹೃದಯದ ತನಕ ಹೋಗಿ ಜೀವ ಹಿಡಿದು ನಿಲ್ಲಿಸಿದ್ದಾರೆ, ಗುರುತು ಪರಿಚಯವಿಲ್ಲದ ಒಬ್ಬ ಅಡುಗೆಯವನ ಜೀವ. ನಾನು ಮುಟ್ಟಿ ನೋಡಿದೆ. ಮೂವತ್ತು ವರ್ಷ ಸಭೆಗಳಲ್ಲಿ ನಾನು ಕೂಗಿ ಕೇಳಿದ್ದು ಇದನ್ನೇ. ಇದು ಮನುಷ್ಯರಿಂದ ಆಗುವ ಕೆಲಸ ರಂಜನಾ, ಆಗುತ್ತಲೂ ಇದೆ.

ಆ ದಿನ ಮೈದಾನದಲ್ಲಿ, ಆಸ್ಪತ್ರೆ ಬೇಕೆಂಬ ಸಭೆಯಲ್ಲಿ, ನೀನು ಎದೆ ಒತ್ತಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದೆ. ನನ್ನ ಕೈಯಲ್ಲಿ ಮೈಕ್ ಇತ್ತು.

ಈ ಸಲ ಸಂದೇಶ ಮಾತಾಡುತ್ತಾನೆ. ನಾನು ಕೆಳಗೆ, ಜನರ ಮುಖ ನೋಡುತ್ತ ನಿಂತಿರುತ್ತೇನೆ. ಅದೇ ಮೈದಾನ, ಬರುವ ರವಿವಾರ, ಬೆಳಿಗ್ಗೆ ಹತ್ತೂವರೆಗೆ.