ಮಣ್ಣಿನ ಕೂಡ ಹೋಗದ ಮಾತು

ಜನವರಿ 7

ಬಸ್ಸಿನಲ್ಲಿ ಇವತ್ತೂ ಅದೇ. ದೋರನಹಳ್ಳಿಯಲ್ಲಿ ಹತ್ತಿದೆ, ಶಹಾಪುರ ಬರುವ ತನಕ ಮೂರು ಫೋನು ಒಟ್ಟಿಗೆ ಕೂಗಿದವು. ಒಂದರಲ್ಲಿ ಭಜನೆ, ಒಂದರಲ್ಲಿ ಯಾರೋ ಬಿದ್ದು ಬಿದ್ದು ನಗುವುದು, ಇನ್ನೊಂದರಲ್ಲಿ ಗಂಡ ಹೆಂಡತಿ ಜಗಳ. ಜಗಳವೂ ರೀಲ್ಸ್ ಅಂದುಕೊಂಡಿದ್ದೆ... ಅಲ್ಲ. ಹಿಂದಿನ ಸೀಟಿನವನು ಸ್ಪೀಕರ್ ಹಾಕಿ ತನ್ನ ಹೆಂಡತಿಯ ಜೊತೆಗೇ ಮಾತಾಡುತ್ತಿದ್ದ. ಕಂಡಕ್ಟರ್ ಸಣ್ಣಗೆ ಮಾಡು ಅಂದ. ‘ಟಿಕೆಟ್ ತಗೊಂಡೀನಲ್ರಿ’ ಅಂದ ಅವನು. ಟಿಕೆಟ್ಟಿಗೂ ಅದಕ್ಕೂ ಏನು ಸಂಬಂಧ? ಕೇಳಬೇಕು ಅನ್ನಿಸಿತು. ನಾನೆಲ್ಲಿ ಕೇಳುತ್ತೇನೆ.

ಖಾನಾವಳಿಯಲ್ಲೂ ಹಾಗೇ. ನಾನು ಒಳಗೆ ರೊಟ್ಟಿ ಬಡಿಯುತ್ತೇನೆ, ಅಂಜುಮ್ ಹೊರಗೆ ಬಡಿಸುತ್ತಾಳೆ. ಒಬ್ಬಾತ ಫೋನಿನಿಂದ ಮುಖ ಎತ್ತದೆ ರೊಟ್ಟಿಗೆ ಚಿಟಿಕೆ ಹೊಡೆದನಂತೆ. ಅಂಜುಮ್ ಒಳಗೆ ಬಂದು, ‘ಕಸ್ತೂರಿ, ಆತಗ ರೊಟ್ಟಿ ಬ್ಯಾಡ, ಚಾರ್ಜರ್ ಕೊಡಮು. ಪಲ್ಯಾ ಹಚ್ಕೊಂಡು ತಿಂತಾನ’ ಅಂದಳು. ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕೆ.

ಜನವರಿ 11

ಆಯಿಗೆ ಕೆಮ್ಮು ಜಾಸ್ತಿ. ಅಪ್ಪ ಅವ್ವ ಹೋದ ಮೇಲೆ ನನ್ನನ್ನು ಸಾಕಿದ್ದು ಆಯಿ, ಅಪ್ಪನ ಅವ್ವ. ಈಗ ಅಣ್ಣ ಬಾಲರಾಜನ ಸಂಸಾರದಲ್ಲಿ ನಾವಿಬ್ಬರೂ ಒಂದು ಮೂಲೆ.

ಅಣ್ಣನ ಹೆಂಡತಿ ಸವಿತಾ ವೈನಿ ರಾತ್ರಿ ನನ್ನ ತಾಟಿಗೆ ಎರಡು ರೊಟ್ಟಿ ಹಾಕಿ ಬುಟ್ಟಿ ಮುಚ್ಚುತ್ತಾಳೆ. ಬೈಯುವುದಿಲ್ಲ, ಮುಖ ಗಂಟು ಹಾಕುವುದಿಲ್ಲ. ಮುಚ್ಚುತ್ತಾಳೆ, ಅಷ್ಟೆ. ಅಣ್ಣ ಎದುರಿಗೇ ಕುಂತಿರುತ್ತಾನೆ, ಫೋನು ನೋಡುತ್ತ. ಆಯಿ ತನ್ನ ಪಾಲಿನದರಲ್ಲಿ ಅರ್ಧ ಮುರಿದು ನನ್ನ ತಾಟಿನ ಕೆಳಗೆ ತಳ್ಳುತ್ತಾಳೆ. ‘ಇನ್ನೊಂದು ಬೇಕೇನವ್ವ’ ಅಂತ ಕಣ್ಣಲ್ಲೇ ಕೇಳುತ್ತಾಳೆ. ದಿನಾ.

ನಾಗಲಕ್ಷ್ಮಿ ಬಂದಿದ್ದಳು. ಚಿಕ್ಕಪ್ಪನ ಮಗಳು, ನಾನು ನಾಗಿ ಅನ್ನುತ್ತೇನೆ, ಶಹಾಪುರದಲ್ಲಿ ಡಿಗ್ರಿ ಓದುತ್ತಾಳೆ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆಮೇಲೆ ಇವಳೇ ತನ್ನ ಪುಸ್ತಕ ಕೊಟ್ಟು ಓದಲು ಹಚ್ಚಿದ್ದು. ಇಲ್ಲದಿದ್ದರೆ ಈ ನಾಲ್ಕು ಸಾಲು ಬರೆಯಲು ಎಲ್ಲಿ ಬರುತ್ತಿತ್ತು. ಊರಲ್ಲಿ ನಾನು ಬಾಯಿ ಬಿಟ್ಟು ಮಾತಾಡುವುದು ಇವಳೊಬ್ಬಳ ಜೊತೆ. ಅವಳಿಗೆ ಮಾತ್ರ ಫೋನು ಕೈಯಿಂದ ಇಳಿಯುವುದಿಲ್ಲ. ಆಯಿ ಕೆಮ್ಮುವುದನ್ನೂ ವಿಡಿಯೋ ಮಾಡಹೋದಳು. ಆಯಿ ಸೆರಗು ಮುಖಕ್ಕೆ ಎಳೆದುಕೊಂಡಳು.

ಜನವರಿ 24

ಆಯಿ ಹೋದಳು. ಬರೆಯಲು ಇವತ್ತು ಕೈ ಬಂತು.

ಅವತ್ತು ನಾನೂ ಅತ್ತುಬಿಟ್ಟೆ. ನಮ್ಮಲ್ಲಿ ಹೆಣ್ಣುಮಕ್ಕಳು ಸುಮ್ಮನೆ ಅಳುವುದಿಲ್ಲ, ಸತ್ತವರ ಮುಂದೆ ಕುಂತು ಹಾಡಿಕೊಂಡು ಅಳುತ್ತಾರೆ. ಒಬ್ಬೊಬ್ಬರೂ ತಮ್ಮ ತಮ್ಮ ಸಂಕಟ ಹೇಳಿಕೊಂಡು. ಇಷ್ಟು ವರ್ಷ ಬೇರೆಯವರದು ಕೇಳಿದ್ದೆ. ನನಗೆ ಬರುತ್ತದೆ ಎಂದು ಗೊತ್ತಿರಲಿಲ್ಲ. ಆಯಿಯ ಕಾಲು ಹಿಡಿದೆ, ಅದು ತಾನೇ ಬಂತು —

‘ಊರ ಮಂದಿಗೆಲ್ಲ ರೊಟ್ಟಿ ಬಡದು ಬರ್ತೀನಲ್ಲೇ ನನ್ನಾಯಿ... ಮನ್ಯಾಗ ಎರಡ ಇಟ್ಟು ಬುಟ್ಟಿ ಮುಚ್ಚತಾರಲ್ಲೇ ನನ್ನಾಯಿ... ಇನ್ನೊಂದು ಬೇಕೇನ ಅಂತ ಕೇಳಾಕಿ ನೀನೂ ಹೋದೆಲ್ಲೇ ನನ್ನಾಯಿ...’

ವೈನಿ ಅಲ್ಲೇ, ಆಯಿಯ ತಲೆಯ ಹತ್ತಿರ ಕುಂತಿದ್ದಳು. ನಾಗಿ ನನ್ನ ಬೆನ್ನು ಸವರುತ್ತಿದ್ದಳು. ಅಳು ಮುಗಿಯುವ ತನಕ ಆ ಕೈ ತೆಗೆಯಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಹೆದರಿಕೆ ಹತ್ತಿತು. ವೈನಿಯ ಎದುರಿಗೇ ಅಂದುಬಿಟ್ಟೆನಲ್ಲ. ಓಣಿಯ ಹಿರಿಯಳು ಮಸ್ತಾನಬಿ ನನ್ನ ಮುಖ ನೋಡಿಯೇ ತಿಳಿದಳು. ‘ಅಂಜಬ್ಯಾಡ ಮಗಳೆ. ಹೆಣದ ಮುಂದ ಅತ್ತಿದ್ದು ಮಣ್ಣಿನ ಕೂಡ ಹೋಗ್ತದ. ಅದನ್ನ ಯಾರೂ ಹೊಳ್ಳಿ ಆಡಂಗಿಲ್ಲ.’

ಹೌದು. ಯಾರೂ ಆಡಿದ್ದನ್ನು ನಾನು ಕಂಡಿಲ್ಲ. ಅತ್ತೆಯನ್ನು ಬೈದು ಅತ್ತ ಸೊಸೆಯರು ಮರುದಿನ ಅದೇ ಅತ್ತೆಗೆ ನೀರು ಕಾಯಿಸಿದ್ದಾರೆ.

ಜನವರಿ 29

ರಾತ್ರಿ ಊಟಕ್ಕೆ ಕುಂತೆ. ವೈನಿ ಎರಡು ರೊಟ್ಟಿ ಹಾಕಿದಳು. ಬುಟ್ಟಿ ಮುಚ್ಚಲಿಲ್ಲ. ನನ್ನ ಕಡೆ ತಳ್ಳಿ, ತನ್ನ ಮಗುವನ್ನು ಮಲಗಿಸಲು ಒಳಗೆ ಹೋದಳು.

ಮೂರನೆಯದು ತಿಂದೆ. ಹಸಿವು ಇರಲಿಲ್ಲ, ಆದರೂ ತಿಂದೆ.

ಫೆಬ್ರವರಿ 6



ಬೆಳಗಿನ ಬಸ್ಸು. ನಿಂತಿದ್ದೆ. ಮುಂದಿನ ಸೀಟಿನಲ್ಲಿ ಕುಂತವನ ಫೋನಿನಿಂದ ಒಂದು ಅಳು ಬಂತು. ಯಾರ ಮನೆಯಲ್ಲೋ ಸಾವು, ಪಾಪ, ಅಂದುಕೊಂಡೆ. ಜೊತೆಗೆ ಏನೋ ಡೋಲಿನ ಸದ್ದು ಸೇರಿಸಿದ್ದರು. ಪಕ್ಕದವನು ನಗುತ್ತ, ಇನ್ನೊಮ್ಮೆ ಹಾಕು ಅಂದ. ಇನ್ನೊಮ್ಮೆ ಹಾಕಿದ. ‘ಬುಟ್ಟಿ ಮುಚ್ಚತಾರಲ್ಲೇ ನನ್ನಾಯಿ...’ ಡೋಲು. ‘ಬುಟ್ಟಿ ಮುಚ್ಚತಾರಲ್ಲೇ...’ ಡೋಲು.

ನನ್ನ ದನಿ ಅಂತ ಮೊದಲು ತಿಳಿಯಲಿಲ್ಲ. ನನ್ನ ದನಿಯನ್ನು ಹೊರಗಿನಿಂದ ನಾನು ಯಾವಾಗ ಕೇಳಿದ್ದೆ?

ಹಿಂದಿನ ಹುಡುಗರೂ ತಮ್ಮ ಫೋನಿನಲ್ಲಿ ಅದನ್ನೇ ಹುಡುಕಿ ಹಾಕಿದರು. ಎರಡು ಕಡೆಯಿಂದ ನಾನೇ ಅಳುತ್ತಿದ್ದೆ, ಒಂದು ಮುಂದೆ ಒಂದು ಹಿಂದೆ. ‘ಆಕಿಗಿ ಒಂದು ಬುಟ್ಟಿ ಕಳಸ್ರಲೇ’ ಅಂದ ಒಬ್ಬ. ಸೀಟಿನವನು ತಲೆ ಎತ್ತಿ ನನ್ನನ್ನು ನೋಡಿ, ‘ತಂಗಿ, ಸ್ವಲ್ಪ ಸರಿ, ಗಾಳಿ ಬರವಲ್ದು’ ಅಂದ. ಸರಿದೆ.

ಶಹಾಪುರದ ಹೊರಗೇ ಇಳಿದುಬಿಟ್ಟೆ. ಖಾನಾವಳಿಗೆ ನಡೆದು ಹೋದೆ.

ಫೆಬ್ರವರಿ 7

ಅಂಜುಮಳಿಗೆ ಆಗಲೇ ಗೊತ್ತಿತ್ತು. ನನಗೆ ಹೇಳಲು ಆಗಿರಲಿಲ್ಲ ಅವಳಿಗೆ. ತೋರಿಸು ಅಂದೆ. ದನಿ ಪೂರ್ತಿ ಬಂದ್ ಮಾಡಿ ತೋರಿಸಿದಳು.

ನನ್ನ ಮುಖ ಕಾಣುವುದಿಲ್ಲ, ಆಯಿಯ ಕಾಲ ಮೇಲೆ ಬಾಗಿದ ತಲೆ, ಬೆನ್ನು. ಮೇಲಿನಿಂದ ತೆಗೆದದ್ದು, ತೀರಾ ಹತ್ತಿರದಿಂದ. ಬೆನ್ನಿನ ಮೇಲೆ ಒಂದು ಎಡಗೈ ಮೇಲೆ ಕೆಳಗೆ ಆಡುತ್ತದೆ. ಹಸಿರು ಬಳೆ, ಬಿಳಿ ಪಟ್ಟಿಯ ವಾಚು.

ಒಂದು ಕೈಯಿಂದ ಸವರುತ್ತಿದ್ದಳು. ಇನ್ನೊಂದು ಕೈಯಲ್ಲಿ —

ಅಂಜುಮ್ ಫೋನು ಕಸಿದುಕೊಂಡಳು. ಸಾಕು ಅಂದಳು. ಇವತ್ತು ಬಡಿದ ರೊಟ್ಟಿ ಎಲ್ಲ ಹರಿದವು. ಪಾರ್ವತೆಮ್ಮ ಮಾಲಕಿ ಬೈಯಲಿಲ್ಲ. ಅವಳೂ ನೋಡಿದ್ದಾಳೆ ಅಂತಾಯಿತು.

ಫೆಬ್ರವರಿ 9

ನಾಗಿಯ ಮನೆಗೆ ಹೋದೆ. ಹಾದಿಯಲ್ಲಿ ಏನೇನೋ ಜೋಡಿಸಿಕೊಂಡಿದ್ದೆ. ಅವಳ ಎದುರು ನಿಂತಾಗ ಬಂದದ್ದು ಒಂದೇ: ಯಾಕ ಮಾಡ್ದಿ?

ಅವಳು ಗಾಬರಿಯಾಗಲಿಲ್ಲ. ನಾನು ಸಿಟ್ಟಾದದ್ದೇ ಅವಳಿಗೆ ಸೋಜಿಗ.

‘ಛಲೋ ಆಗ್ಲಿ ಅಂತ ಹಾಕೀನಿ ಕಸ್ತೂರಿ. ನೀ ಒಂದಿನಾರ ಬಾಯಿ ಬಿಟ್ಟೇನು? ಈಗ ನಿನ್ನ ಸಂಕಟ ಯಾದಗಿರಿ ಜಿಲ್ಲಾಕ್ಕೇ ಗೊತ್ತಾಗ್ಯಾದ. ಎಷ್ಟು ಮಂದಿ ಅತ್ತಾರ ಗೊತ್ತೇನು?’

ಬಸ್ಸಿನಲ್ಲಿ ಯಾರೂ ಅಳಲಿಲ್ಲ ಅಂದೆ.

ಆ ಡೋಲು ಯಾರೋ ಬೇರೆಯವರು ಸೇರಿಸಿದ್ದಂತೆ. ತಾನು ಹಾಕಿದ್ದನ್ನು ಅವಳು ಆಗಲೇ ತೆಗೆದುಹಾಕಿದ್ದಾಳಂತೆ. ಆದರೆ ಮಂದಿ ಇಳಿಸಿಕೊಂಡಿದ್ದಾರೆ, ಅದಕ್ಕೆ ಅವಳೇನು ಮಾಡಬೇಕು. ಹೇಳುತ್ತಿರುವಾಗಲೇ ಫೋನು ಗುಂಯ್ ಅಂದಿತು, ನೋಡಿದಳು, ಸ್ವಲ್ಪ ನಕ್ಕಳು. ಆ ನಗು ನನಗಲ್ಲ. ಅವಳು ಫೋನು ನೋಡುವುದು ಮುಗಿಯುವ ತನಕ ನಿಂತಿದ್ದೆ. ಮುಗಿಯಲಿಲ್ಲ. ಬಂದೆ.

ಫೆಬ್ರವರಿ 12

ವೈನಿ ತವರಿಗೆ ಹೋದಳು, ಸುರಪುರಕ್ಕೆ. ಮಗುವನ್ನು ಕರೆದುಕೊಂಡು.

ಅವಳ ಅಣ್ಣನಿಗೆ ಯಾರೋ ಆ ವಿಡಿಯೋ ಕಳಿಸಿದ್ದಾರೆ. ನೀರಿನ ನಳದ ಹತ್ತಿರ ಹೆಂಗಸರು ಕೇಳಿದ್ದಾರೆ, ಇವತ್ತು ಬುಟ್ಟಿ ಮುಚ್ಚಿ ಬಂದೇನಮ್ಮ ಅಂತ. ಗಂಟು ಕಟ್ಟುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ನಾನು ಹಾಕಿದ್ದಲ್ಲ ಅಂದೆ. ಗೊತ್ತು ಅಂದಳು. ಗಂಟಿನ ಮೇಲೆ ಮೊಣಕಾಲೂರಿ ಬಿಗಿದಳು. ಆಮೇಲೆ —

‘ಅವತ್ತ ನಾನೂ ಅಲ್ಲೇ ಕುಂತು ಕೇಳೀನಿ. ಕೇಳಿ ಬಿಟ್ಟೀನಿ. ಒಮ್ಮೆ ಕೇಳೋದ ಬ್ಯಾರೆ ಕಸ್ತೂರಿ. ಇದು ದಿನಾ ಕೇಳಬೇಕಲ್ಲ.’

ಮಗು ನನ್ನ ಸೆರಗು ಬಿಡಲಿಲ್ಲ. ಬಿಡಿಸಿದೆ.

ಫೆಬ್ರವರಿ 17

ವೈನಿಯ ಅಣ್ಣ ಹೇಳಿಕಳಿಸಿದ್ದಾನೆ. ನಾನು ಅಂದದ್ದು ಸುಳ್ಳು ಅಂತ ಫೋನಿನಲ್ಲಿ ಹೇಳಬೇಕು, ಅದನ್ನೂ ಮಂದಿ ನೋಡಬೇಕು. ಹಾಗಾದರೆ ಮಾತ್ರ ತಂಗಿಯನ್ನು ಕಳಿಸುತ್ತಾನಂತೆ.

ನನ್ನ ಅಣ್ಣನಿಗೂ ಅದೇ ಸರಿ ಕಂಡಿದೆ. ‘ಎರಡ ಮಾತು. ದುಃಖದಾಗ ಸುಳ್ಳ ಹೇಳೀನಿ ಅನ್ನು. ಮುಗೀತು.’ ಅನ್ನುವಾಗ ನನ್ನ ಮುಖ ನೋಡಲಿಲ್ಲ.

ಫೋನು ಹಿಡಿಯಲು ಕರೆದದ್ದು ಯಾರನ್ನು? ನಾಗಿಯನ್ನೇ.

ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದರು. ಬಿಸಿಲು ಮುಖಕ್ಕೆ ಬೀಳುವ ಹಾಗೆ ತಿರುಗಿಸಿದಳು. ಅದೇ ವಾಚು. ಅನ್ನು ಅಂದಳು. ಬಾಯಿ ತೆರೆದೆ, ಮುಚ್ಚಿದೆ. ಮತ್ತೆ ಅನ್ನು ಅಂದಳು. ಕಾಂಪೌಂಡಿನ ಮೇಲೆ ಮೂರು ನಾಲ್ಕು ತಲೆಗಳು, ಅವರ ಕೈಯಲ್ಲೂ ಫೋನು. ನಾಗಿ ಬಗ್ಗಿ ಕಿವಿಯ ಹತ್ತಿರ, ‘ಸ್ವಲ್ಪ ಅಳಕೊಂತ ಹೇಳು, ಛಲೋ ಬರ್ತದ’ ಅಂದಳು.

ಎದ್ದು ಒಳಗೆ ಬಂದೆ. ಆಯಿಯ ಮೂಲೆಯಲ್ಲಿ ಕುಂತೆ.

ಅಣ್ಣ ಬಾಗಿಲ ಹೊರಗಿನಿಂದಲೇ ಅಂದ, ಹೆಂಡತಿ ಬರದಿದ್ದರೆ ಈ ಮನೆಯಲ್ಲಿ ನಿನಗೂ ಜಾಗ ಇಲ್ಲ ಅಂತ. ಸಣ್ಣ ದನಿಯಲ್ಲೇ ಅಂದ. ಅದಕ್ಕೇ ಖರೆ ಅನ್ನಿಸಿತು.

ಫೆಬ್ರವರಿ 20, ಸುರಪುರದ ಬಸ್ ನಿಲ್ದಾಣ

ನಾನೇ ಹೋದೆ, ಯಾರಿಗೂ ಹೇಳದೆ. ಶಹಾಪುರದಲ್ಲಿ ಬಸ್ಸು ಬದಲಿಸಿದೆ. ಕಿಟಕಿಯ ಹತ್ತಿರದವಳು ಫೋನಿನಲ್ಲಿ ತನ್ನ ಅಕ್ಕನ ಆಪರೇಷನ್ನಿನ ಕಥೆ ಎಲ್ಲರಿಗೂ ಕೇಳುವಂತೆ ಹೇಳುತ್ತ ಬಂದಳು. ಆ ಅಕ್ಕನಿಗಾಗಿ ಕಿವಿ ಮುಚ್ಚಿಕೊಂಡೆ.

ವೈನಿ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ನನ್ನನ್ನು ನೋಡಿ ಕೈ ನಿಲ್ಲಿಸಿದಳು, ಒಳಗೆ ಹೋಗಿ ನೀರು ತಂದಳು. ಕುಂತಳು. ಫೋನನ್ನು ಮೊರದ ಪಕ್ಕ ಬೋರಲಾಗಿ ಇಟ್ಟಳು.

ಹೇಳು ಅಂದಳು.

ಜೀವನದಲ್ಲಿ ಇಷ್ಟು ಮಾತಾಡಿರಲಿಲ್ಲ. ಜೋಳ ನೋಡುತ್ತ ಹೇಳಿದೆ.

‘ಸುಳ್ಳ ಅಂತ ಹೇಳಾಕ ಬರವಲ್ದು ವೈನಿ. ಖರೇನ ಅದ. ಆದ್ರ ಮಂದಿಗಿ ಹೇಳಿದ್ದಲ್ಲ, ನಿಮಗೂ ಹೇಳಿದ್ದಲ್ಲ. ಆಯಿಗಿ ಹೇಳೀನಿ. ನಿಮ್ಮ ಮ್ಯಾಲ ನಂಗ ಸಿಟ್ಟಿಲ್ಲ. ನೀವು ಎರಡಾರ ಹಾಕಿ ಕೊಟ್ರಿ. ಅಣ್ಣ ಎದುರಿಗಿ ಕುಂತು ಒಂದ ದಿನ ತಲಿ ಎತ್ತಿ ನೋಡಲಿಲ್ಲ. ಒಡಹುಟ್ಟಿದವ. ನಾ ಅತ್ತಿದ್ದು ಆತನ ಸಲುವಾಗಿ.’

ವೈನಿ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರು ಬಂದಿತ್ತು. ಅದು ಸುಳ್ಳಿನ ನೀರಲ್ಲ, ಅಷ್ಟು ನನಗೆ ತಿಳಿಯುತ್ತದೆ. ಆಮೇಲೆ ಕೈ ಚಾಚಿ ಫೋನು ತಿರುವಿ ಹಾಕಿದಳು. ಬೆಳಕಿತ್ತು. ನನ್ನ ಅಣ್ಣನ ಹೆಸರು, ಕೆಳಗೆ ಓಡುತ್ತಿರುವ ಸೆಕೆಂಡು.

‘ಕೇಳಿದ್ರೇನ್ರಿ?’ ಅಂದಳು ಅದಕ್ಕೆ. ‘ನಿಮ್ಮ ತಂಗೀನ ಹೇಳ್ಯಾಳ. ನಾ ಹೇಳಿದ್ರ ನಂಬಿರಲಿಲ್ಲ.’

ನೀರು ತರಲು ಒಳಗೆ ಹೋದಾಗಲೇ ಅಣ್ಣನಿಗೆ ಫೋನು ಹಚ್ಚಿದ್ದಾಳೆ.

ಅಣ್ಣ ಕಟ್ ಮಾಡಲಿಲ್ಲ. ಅವನ ಉಸಿರು ಕೇಳುತ್ತಿತ್ತು. ವೈನಿ ನನ್ನ ಮೊಣಕೈ ಹಿಡಿದು, ತಪ್ಪು ತಿಳಿಯಬೇಡ, ಅವರಿಗೂ ಗೊತ್ತಾಗಬೇಕಿತ್ತು, ನನ್ನೊಬ್ಬಳ ಮೇಲೇ ಯಾಕೆ ಬರಬೇಕು, ಅಂದಳು. ಅದು ನ್ಯಾಯವೇ. ನ್ಯಾಯ ಅಂತ ಗೊತ್ತಾದರೂ ಕೈ ಬಿಡಿಸಿಕೊಂಡೆ.

ನಾಳೆ ಬರುತ್ತೇನೆ ಅಂದಳು, ಮಗುವನ್ನೂ ಕರೆದುಕೊಂಡು. ಇಷ್ಟಕ್ಕೇ ತಾನೆ ಬಂದದ್ದು ನಾನು. ಆಯಿತಲ್ಲ.

ಫೆಬ್ರವರಿ 21, ಬೆಳಿಗ್ಗೆ

ನಿನ್ನೆ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಣ್ಣ ಒಬ್ಬನೇ ಇದ್ದ. ಅನ್ನ ಇಟ್ಟಿದ್ದ, ತಳ ಹತ್ತಿದ ವಾಸನೆ. ಹೋಗು ಅನ್ನಲಿಲ್ಲ. ತಾಟು ತಂದು ಎದುರಿಗೆ ಇಟ್ಟ. ಕುಂತ. ಮೊದಲ ಸಲ ನನ್ನ ಮುಖ ನೋಡಿದ.

‘ಆಕಿ ಮುಂದ ಹೇಳಿದೆಲ್ಲ, ನನ್ನ ಮುಂದ ಹೇಳವ್ವ. ಕೇಳ್ತೀನಿ’ ಅಂದ.

ಅವ್ವ ಅಂದ. ಆಯಿ ಹೋದ ಮೇಲೆ ಯಾರೂ ಅಂದಿರಲಿಲ್ಲ. ಹೇಳಬೇಕು ಅಂತಲೇ ಬಾಯಿ ತೆರೆದೆ. ಆದರೆ ಕಣ್ಣು ಮೊದಲು ಹೋದದ್ದು ಅವನ ಅಂಗಿಯ ಜೇಬಿಗೆ.

ಅವನು ಅದನ್ನು ಕಂಡ. ಫೋನು ತೆಗೆದು ಬಂದ್ ಮಾಡಿದ, ಪರದೆ ಕಪ್ಪಾದದ್ದನ್ನು ನನಗೆ ತೋರಿಸಿದ, ನನ್ನ ಕೈಗೇ ಕೊಟ್ಟ. ಹಿಡಿದುಕೊಂಡು ಕುಂತೆ. ಬಂದ್ ಆಗಿದೆ ಅಂತ ಗೊತ್ತು. ಆದರೂ ಬಾಗಿಲ ಕಡೆ ನೋಡಿದೆ, ಕಾಂಪೌಂಡಿನ ಕಡೆ ನೋಡಿದೆ. ಅವನು ಕಾಯುತ್ತಲೇ ಇದ್ದ, ಅನ್ನ ಆರುತ್ತಿತ್ತು, ನಾನು ‘ಉಣ್ಣಮು ಅಣ್ಣ, ಅನ್ನ ಆರ್ತದ’ ಅಂದೆ. ಬಾಯಿಗೆ ಬಂದದ್ದು ಅದೊಂದೇ.