ಖಾಲಿಯಾಗದ ಬ್ಯಾಟರಿ

ಆಂಟಾಪ್ ಹಿಲ್, ಮುಂಬಯಿ
ಸೋಮವಾರ, 5 ಮಾರ್ಚ್ 1990

ಚಿರಂಜೀವಿ ನಾಣಿಗೆ, ಅಮ್ಮ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪಾ? ಆ ಒಣಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಕರ್ಮ ಮಾಡಿ ಮುಗಿಸಿದ ಮಗನಿಗೆ ಚಿರಂಜೀವಿ ಎಂದು ಬರೆಯಬಾರದು, ಕ್ಷೇಮ ಕೇಳಬಾರದು ಎಂದು ನಿಮ್ಮಪ್ಪ ಹೇಳಿಯಾರು. ಹೇಳಲಿ. ಹೆತ್ತವಳು ನಾನು, ಕೇಳುತ್ತೇನೆ. ನಾನು ಕಣ್ಣಾರೆ ಕಾಣದ ಹೆಣವನ್ನು ನನ್ನ ಮಗನೆಂದು ಈ ಒಂದು ವರ್ಷದಲ್ಲಿ ಯಾರು ಹೇಳಿದರೂ ಒಪ್ಪಿಲ್ಲ. ಹಾಗೆಂದು ನೀನು ಬದುಕಿದ್ದೀಯೆ ಎನ್ನುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ, ನಿನ್ನ ವಿಳಾಸವೂ ಇಲ್ಲ. ಅದಕ್ಕೇ ಈ ಕಾಗದವನ್ನು ಮಡಚಿ ನಿನ್ನ ಗಿಟಾರಿನ ಹೊಟ್ಟೆಯೊಳಗೆ, ಬ್ಯಾಟರಿಯ ಪಕ್ಕದಲ್ಲಿ ಇಡಬೇಕೆಂದಿದ್ದೇನೆ. ಗುರುವಾರ ನಿನ್ನ ವರ್ಷಾಬ್ದಿಕ. ಅಂದೇ ಆ ಗಿಟಾರನ್ನು ದಾನ ಕೊಟ್ಟುಬಿಡುತ್ತಾರಂತೆ. ಅದೂ ಹೋದರೆ ನಿನಗೆ ಬರೆಯಲು ನನಗೆ ಬೇರೆ ಪೋಸ್ಟ್ ಡಬ್ಬವಿಲ್ಲ.

ನಾನು ಗಟ್ಟಿಯಾಗಿದ್ದೇನೆ. ಕುರ್ಲಾದ ರೇಡಿಯೋ ಫ್ಯಾಕ್ಟರಿಯಲ್ಲಿ ಈಗಲೂ ಅದೇ ಮೇಜು, ಅದೇ ಬೆಸುಗೆ ಕೆಲಸ. ಇಪ್ಪತ್ತೆರಡು ವರ್ಷವಾಯಿತು, ಕನ್ನಡಕವೊಂದು ಹೊಸದು. ನಿಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದೆ, ಆದರೂ ಕಾಫಿಗೆ ಕದ್ದು ಸಕ್ಕರೆ ಹಾಕಿಕೊಳ್ಳುತ್ತಾರೆ. ಕೆಳಗಿನ ಮನೆಯ ಶೀಲಾವತಿಯ ಗಂಡ ಚೆನ್ನಯ ಮಾಟುಂಗದ ಹೋಟೆಲಿನಲ್ಲಿ ಈಗ ಕ್ಯಾಶಿಯರ್ ಆಗಿದ್ದಾನೆ. ನೀನಿದ್ದಿದ್ದರೆ ದಿನಾ ಬಿಟ್ಟಿ ಗೋಳಿಬಜೆ ಹೊಡೆಯುತ್ತಿದ್ದೆ.

ಆವತ್ತಿನದನ್ನು ಬರೆಯದೆ ಗತಿಯಿಲ್ಲ. ಪವಾಯಿಯ ಇಂಜಿನಿಯರಿಂಗ್ ಓದನ್ನು ಬಿಟ್ಟು ಒಂದು ವರ್ಷವಾಗಿದ್ದರೂ ನೀನು ದಿನಾ ಬೆಳಿಗ್ಗೆ ನನ್ನ ಕೈಯಲ್ಲಿ ಡಬ್ಬಿ ಕಟ್ಟಿಸಿಕೊಂಡು ಹೊರಡುತ್ತಿದ್ದೆಯಲ್ಲ, ಕಳ್ಳ! ಹೋಗುತ್ತಿದ್ದದ್ದು ಬಾಂದ್ರಾಕ್ಕೆ, ಹಡಗಿನ ಬ್ಯಾಂಡಿನಲ್ಲಿದ್ದ ಆ ಮುದುಕನ ಹತ್ತಿರ ಗಿಟಾರ್ ಕಲಿಯಲು ಎಂದು ತಿಳಿದ ದಿನ ನಿಮ್ಮಪ್ಪನಿಗೆ ಮೈಮೇಲೆ ಬಂದ ಹಾಗಾಯಿತು. ನನ್ನ ವೈರ್ ಕಟರ್ ತೆಗೆದುಕೊಂಡು, ಗಿಟಾರಿನ ಬೆನ್ನಿನ ಮುಚ್ಚಳ ಬಿಚ್ಚಿ, ಒಳಗಿದ್ದ ತಂತಿಗಳನ್ನೆಲ್ಲ ಒಂದೂ ಬಿಡದೆ ಕತ್ತರಿಸಿದರು. ನೀನು ನೋಡುತ್ತ ನಿಂತಿದ್ದೆ. ಚಪ್ಪಲಿ ಮೆಟ್ಟಿಕೊಂಡು ಹೋದವನು ಹೋದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಹನ್ನೊಂದನೆಯ ದಿನ ಪೊಲೀಸರಿಂದ ಕರೆ ಬಂತು. ಸಯನ್ ಹತ್ತಿರ ಲೋಕಲ್‌ಗೆ ಸಿಕ್ಕ ಹುಡುಗನಂತೆ, ಗುರುತು ಹಿಡಿಯಲು ಮುಖವೇ ಇರಲಿಲ್ಲವಂತೆ. ನೀಲಿ ಚೌಕಳಿಯ ಶರ್ಟು ನೋಡಿ ನಿಮ್ಮಪ್ಪ ಸಹಿ ಹಾಕಿದರು. ನನ್ನನ್ನು ಒಳಗೆ ಬಿಡಲಿಲ್ಲ. ಆ ಬಟ್ಟೆಯನ್ನು ಪರೇಲಿನ ಮಿಲ್ ಅಂಗಡಿಯಲ್ಲಿ ಥಾನುಗಟ್ಟಲೆ ಮಾರಿದ್ದರು, ನಮ್ಮ ಬಿಲ್ಡಿಂಗಿನಲ್ಲೇ ಮೂವರಿಗೆ ಆ ಶರ್ಟಿದೆ. “ಮನೆಯ ಕೀಲಿ ಎಲ್ಲಿ? ನಾಣಿ ಜೇಬಲ್ಲಿ ಕೀಲಿ ಇತ್ತು” ಎಂದು ಕೇಳಿದೆ. ಇರಲಿಲ್ಲ, ಹಳಿಯ ಮೇಲೆ ಬಿದ್ದುಹೋಗಿರುತ್ತದೆ ಎಂದರು.

ಗಣೇಶ ಹಬ್ಬದ ಧೂಳು ಹೊಡೆಯುವಾಗ ಗಿಟಾರನ್ನು ಕೆಳಗಿಳಿಸಿದೆ. ಬೆನ್ನು ಬಿಚ್ಚಿದರೆ ಹದಿನೇಳು ತಂತಿ, ಹದಿನೇಳೂ ತುಂಡು. ನೋಡಲಾಗಲಿಲ್ಲ ಕಣೋ. ಇಂಥದ್ದು ಇಡೀ ಮುಂಬಯಿಯಲ್ಲಿ ಇನ್ನೊಂದಿಲ್ಲ, ಇದರ ಹೊಟ್ಟೆಯೊಳಗೇ ಪುಟ್ಟ ಆಂಪ್ಲಿಫೈಯರ್ ಇದೆ, ಬ್ಯಾಟರಿ ಇಲ್ಲದಿದ್ದರೆ ಇದು ಪೂರ್ತಿ ಮೂಕ ಎಂದು ನೀನೇ ತೋರಿಸಿದ್ದೆ. ನೀನು ಕೂಡಿಸಿದ್ದ ಹೊರಗಿನ ಆಂಪ್ಲಿಫೈಯರಿನಿಂದ ಬರುವ ಲೀಡ್ ವೈರನ್ನು ಗಿಟಾರಿಗೆ ಚುಚ್ಚಿದರೆ ಬ್ಯಾಟರಿ ಹತ್ತಿಕೊಳ್ಳುತ್ತದೆ, ಎಳೆದರೆ ಆರುತ್ತದೆ. ಚುಚ್ಚಿಯೇ ಬಿಟ್ಟರೆ ಬಾರಿಸದಿದ್ದರೂ ವಾರದೊಳಗೆ ಬ್ಯಾಟರಿ ಸತ್ತುಹೋಗುತ್ತದೆ. ನಕ್ಷೆಯಿಲ್ಲ, ಕೇಳೋಣವೆಂದರೆ ನೀನಿಲ್ಲ. ಭಾನುವಾರಗಳಲ್ಲಿ ಕೂತು ಒಂದೊಂದೇ ತಂತಿಯ ಬಣ್ಣ ನೋಡಿ ಜೋಡಿ ಹುಡುಕಿದೆ. ಸುಟ್ಟುಹೋಗಿದ್ದ ಒಂದು ಐ.ಸಿ. ಚಿಪ್‌ಗಾಗಿ ಲ್ಯಾಮಿಂಗ್ಟನ್ ರೋಡಿನ ರೇಡಿಯೋ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಒಳಗಿದ್ದ ಹಳೆಯ ಬ್ಯಾಟರಿಯ ಮೇಲೆ ನೀನು ಅಂಟಿಸಿದ್ದ ಪ್ಲಾಸ್ಟರ್ ಇತ್ತು, 17-1-89. ಟಾರ್ಚಾಗಲಿ ಟ್ರಾನ್ಸಿಸ್ಟರಾಗಲಿ, ತಾರೀಖು ಬರೆದು ಅಂಟಿಸದೆ ಬ್ಯಾಟರಿ ಹಾಕಿದರೆ ನನ್ನಿಂದ ಬೈಸಿಕೊಳ್ಳುತ್ತಿದ್ದೆಯಲ್ಲ. ಏಳರ ನಡುವೆ ನೀನು ಎಳೆಯುವ ಆ ಅಡ್ಡಗೆರೆ ನೋಡಿ ಅಲ್ಲೇ ಕೂತು ಅತ್ತುಬಿಟ್ಟೆ. ದೀಪಾವಳಿಯ ಹೊತ್ತಿಗೆ ಹೊಸ ಬ್ಯಾಟರಿಗೆ ನನ್ನ ಕೈಯಲ್ಲಿ ತಾರೀಖು ಬರೆದು ಹಾಕಿ, ಲೀಡ್ ಚುಚ್ಚಿ, ಒಂದು ತಂತಿ ಮೀಟಿದೆ. ಮಾತಾಡಿತು! ಆಮೇಲೆ ಭಾನುವಾರಕ್ಕೊಮ್ಮೆ ಮೀಟುತ್ತಿದ್ದೆ, ಮರೆಯದೆ ಲೀಡ್ ಎಳೆದಿಡುತ್ತಿದ್ದೆ.

ಜನವರಿಯಲ್ಲಿ ಒಂದು ಮಂಗಳವಾರ ಸಾಯಂಕಾಲ ಕೆಲಸದಿಂದ ಬಂದು ನೋಡುತ್ತೇನೆ, ಲೀಡ್ ಚುಚ್ಚಿದೆ. ಹೊರಗಿನ ಆಂಪ್ಲಿಫೈಯರಿನ ಬೆನ್ನು ಮುಟ್ಟಿದರೆ ಬೆಚ್ಚಗಿದೆ. ಕೈ ಹಿಂದಕ್ಕೆಳೆದುಕೊಂಡೆ. ಬಾಗಿಲ ಲ್ಯಾಚು ಹಾಕಿದ್ದು ಹಾಕಿದ ಹಾಗೇ ಇತ್ತು. ನಿಮ್ಮಪ್ಪ ಆಫೀಸಿನಿಂದ ಇನ್ನೂ ಬಂದಿರಲಿಲ್ಲ. ಶೀಲಾವತಿ ಮೆಟ್ಟಿಲ ಹತ್ತಿರ ಹಿಡಿದು ಕೇಳಿದಳು: “ಅಕ್ಕಾ, ಮಧ್ಯಾಹ್ನ ನಿಮ್ಮಲ್ಲಿ ಯಾರು ಮಾರಾಯ್ರೆ ಗಿಟಾರ್ ಬಾರಿಸುವುದು? ಸುರು ಮಾಡ್ತಾರೆ, ಅರ್ಧಕ್ಕೆ ನಿಲ್ಲಿಸ್ತಾರೆ.” ಯಾರೂ ಮೆಟ್ಟಿಲು ಹತ್ತಿದ್ದನ್ನು ಅವಳು ಕಂಡಿಲ್ಲ. ನೀನೇ ಬಂದಿದ್ದೆ ಎಂದುಕೊಂಡು ನೇರ ಅಡಿಗೆಮನೆಗೆ ಓಡಿ ಚಕ್ಕುಲಿ ಡಬ್ಬ ತೆಗೆದು ಎಣಿಸಿದೆ. ಒಂದೂ ಕಡಿಮೆಯಾಗಿರಲಿಲ್ಲ. ನೀನು ಮನೆಗೆ ಬಂದು ಚಕ್ಕುಲಿ ಮುಟ್ಟದೆ ಹೋಗುವುದುಂಟೇ? ಎರಡು ವಾರ ಬಿಟ್ಟು ಮತ್ತೊಂದು ಮಂಗಳವಾರ ಮತ್ತೆ ಹಾಗೇ ಆಯಿತು. ಈ ಸಲ ನಿಮ್ಮಪ್ಪನೂ ನೋಡಿದರು, ಮುಖ ಬಿಳಿಚಿಕೊಂಡಿತು. “ಮುಟ್ಟಬೇಡ ಅದನ್ನ, ಹೇಗಿದೆಯೋ ಹಾಗಿರಲಿ” ಎಂದು ಆಣೆ ಹಾಕಿದರು. ಲೀಡ್ ಒಂದು ತಿಂಗಳು ಚುಚ್ಚಿದ ಹಾಗೇ ಇತ್ತು.

ಹೋದ ಮಂಗಳವಾರ ಕೆಲಸದಿಂದ ಬಂದೆ. ಹಾಲಿನಲ್ಲಿದ್ದ ನಿನ್ನ ಫೋಟೋ ಗೋಡೆಗೆ ಮುಖ ಮಾಡಿತ್ತು. ಅದಕ್ಕೆ ಹಾಕಿದ್ದ ಗಂಧದ ಹಾರವನ್ನು ಯಾರೋ ತೆಗೆದು, ಸುತ್ತಿ, ಗೂಡಿನಲ್ಲಿ ಇಟ್ಟಿದ್ದರು. ನಾನು ಏನಾದರಾಗಲಿ ಎಂದು ಆಂಪ್ಲಿಫೈಯರ್ ಹಚ್ಚಿ ತಂತಿ ಮೀಟಿದೆ. ತಿಂಗಳಿನಿಂದ ಉರಿಯುತ್ತಿರುವ ಬ್ಯಾಟರಿ, ಉಸಿರೂ ಬರಬಾರದು. ಮನೆಯೆಲ್ಲ ತುಂಬುವ ಹಾಗೆ ಸ್ವರ ಬಂತು, ನಾನು ಹೊಸದಾಗಿ ಹಾಕಿದ ದಿನಕ್ಕಿಂತ ಜೋರಾಗಿ. ಇಷ್ಟು ವರ್ಷ ಬ್ಯಾಟರಿಗಳ ನಡುವೆ ಬಾಳಿದ್ದೇನೆ, ಖಾಲಿಯಾಗದ ಬ್ಯಾಟರಿಯನ್ನು ಕಂಡಿಲ್ಲ. ಆವತ್ತು ಮೊದಲ ಸಲ ನನಗೆ ನೀನು ನಿಜವಾಗಿ ಸತ್ತಿರಬಹುದು ಎನಿಸಿತು ನಾಣಿ. ಈ ಮಾತನ್ನು ಬರೆಯಲು ಆರು ದಿನದಿಂದ ಹೆದರುತ್ತಿದ್ದೆ.

ಮಾರನೆಯ ದಿನವೇ ನಿಮ್ಮಪ್ಪ ಮಾಟುಂಗದಿಂದ ಶಾಮಣ್ಣ ಶಾಸ್ತ್ರಿಗಳನ್ನು ಕರೆದುಕೊಂಡು ಬಂದರು. ಆಸೆ ತೀರದ ಜೀವ ವಸ್ತುವಿಗೆ ಅಂಟಿಕೊಂಡಿದೆ ಎಂದು ಹೇಳಿ ಅವರು ಗಿಟಾರಿನ ಸುತ್ತ ಮಂತ್ರಿಸಿದ ದಾರ ಕಟ್ಟಿದರು. ಗುರುವಾರ ದಾನ ಕೊಡುವ ತನಕ ಯಾರೂ ಬಿಚ್ಚಬಾರದಂತೆ. ನಾನು ಸುಮ್ಮನಿರಲಾರದೆ, ಕರ್ಮ ಮಾಡಿದ ಮೇಲೆ ಆ ಮನುಷ್ಯ ಬದುಕಿ ಬಂದರೆ ಏನು ಗತಿ ಎಂದು ಕೇಳಿದೆ. “ಮತ್ತೆ ಹುಟ್ಟಿದ ಹಾಗೇ ಲೆಕ್ಕ ತಾಯಿ. ಜಾತಕರ್ಮ, ನಾಮಕರಣ ಎಲ್ಲ ಮೊದಲಿಂದ ಮಾಡಬೇಕು, ಶಾಸ್ತ್ರದಲ್ಲಿದೆ” ಎಂದು ಹೇಳಿ ನನ್ನ ಕಡೆ ಕನಿಕರದಿಂದ ನೋಡಿದರು. ನಿಮ್ಮಪ್ಪ ಎದ್ದು ಬಾಲ್ಕನಿಗೆ ಹೋದರು. ಅವರ ಮೇಲೆ ನನಗಿನ್ನೂ ಸಿಟ್ಟಿದೆ, ಆದರೆ ಕಟರ್ ಹಿಡಿದ ಆ ಕೈಯನ್ನು ನೋಡಿಕೊಳ್ಳುತ್ತ ಕೂತಿರುವುದನ್ನು ಕಂಡಾಗ ಬೈಯಲು ಬಾಯಿ ಬರುವುದಿಲ್ಲ. ಅವರು ಹೆದರುವುದು ದೆವ್ವಕ್ಕಲ್ಲ, ನಿನಗೆ.

ಸಾಕು, ಅಕ್ಕಿ ನೆನೆಹಾಕಬೇಕು. ನೀನಿರುವ ಲೋಕ ಯಾವುದೇ ಇರಲಿ, ಹೊಟ್ಟೆ ತುಂಬ ಉಂಡು, ವಾರಕ್ಕೊಮ್ಮೆ ತಲೆಗೆ ಎಣ್ಣೆ ಹಾಕಿಕೊಂಡು ತಣ್ಣಗಿರು. ನಿಮ್ಮಪ್ಪನ ಆಶೀರ್ವಾದವನ್ನು ಅವರನ್ನು ಕೇಳದೆಯೇ ನಾನು ಸೇರಿಸಿದ್ದೇನೆ.

ನಿನ್ನ ಅಮ್ಮ,
ವನಮಾಲಾ

ತಾ.ಕ.: ನಾಣಿ, ಅಕ್ಷರ ಸೊಟ್ಟಗಿದ್ದರೆ ಕೂಡಿಸಿ ಓದಿಕೋ. ಕಾಗದ ಇಡಲು ಶಾಸ್ತ್ರಿಗಳ ದಾರವನ್ನು ಅದೇ ಕಟರಿನಿಂದ ಕತ್ತರಿಸಿ ಬೆನ್ನು ಬಿಚ್ಚಿದೆ. ಒಳಗಿರುವುದು ನಾನು ಹಾಕಿದ ಬ್ಯಾಟರಿಯಲ್ಲ. ಪ್ಲಾಸ್ಟರಿನ ಮೇಲೆ 27-2-90 ಎಂದಿದೆ. ಏಳರ ನಡುವೆ ಅಡ್ಡಗೆರೆ. ಸತ್ತವರು ಅಂಗಡಿಗೆ ಹೋಗಿ ಬ್ಯಾಟರಿ ಕೊಂಡು ತರುವುದಿಲ್ಲ ಮಗನೇ, ದೆವ್ವಕ್ಕೆ ಮಂಗಳವಾರ ವಾರದ ರಜೆಯೂ ಇರುವುದಿಲ್ಲ. ಅಯ್ಯೋ ನನ್ನ ಕಂದಾ, ಕೀಲಿ ತೆಗೆದು ಒಳಗೆ ಬಂದವನು ಮೊದಲು ಕಂಡದ್ದು ನಿನ್ನದೇ ಫೋಟೋ, ಅದರ ಮೇಲೆ ಹಾರ! ಚಕ್ಕುಲಿ ಹೇಗೆ ತಾನೇ ಗಂಟಲಲ್ಲಿ ಇಳಿದೀತು? ನೀನು ಬೇಡವೆಂದು ಮಾಡಿದ್ದಲ್ಲಪ್ಪ, ಶರ್ಟು ನೋಡಿ ಮೋಸಹೋದೆವು. ಫೋಟೋ ತೆಗೆದು ಟ್ರಂಕಿನೊಳಗೆ ಹಾಕಿದ್ದೇನೆ. ಗುರುವಾರ ಶಾಸ್ತ್ರಿಗಳು ಬರಲಿ, ವರ್ಷಾಬ್ದಿಕಕ್ಕಲ್ಲ, ನಾಮಕರಣಕ್ಕೆ. ನಿಮ್ಮಪ್ಪನ ತೊಡೆಯ ಮೇಲೆ ಕೂರಬೇಕಾದೀತು, ನಾಚಿಕೊಳ್ಳಬೇಡ. ನಾಳೆ ಮಂಗಳವಾರ. ಬಾಗಿಲಲ್ಲಿ ನನ್ನ ಚಪ್ಪಲಿ ಕಂಡರೆ ತಿರುಗಿ ಹೋಗಿಬಿಡುತ್ತೀಯೆ, ಅದಕ್ಕೇ ಎಂದಿನ ಹಾಗೆ ಕೆಲಸಕ್ಕೆ ಹೋಗುತ್ತೇನೆ. ನಿನ್ನ ಬ್ಯಾಟರಿ ತೆಗೆದು ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಲೀಡ್ ಚುಚ್ಚಿದರೆ ಗಿಟಾರ್ ಮೂಕವಾಗಿರುತ್ತದೆ, ನೀನು ಬೆನ್ನು ಬಿಚ್ಚಲೇಬೇಕು, ಈ ಕಾಗದ ನಿನ್ನ ಕೈಗೆ ಸಿಗಲೇಬೇಕು. ಚಕ್ಕುಲಿ ಡಬ್ಬ ಪಕ್ಕದಲ್ಲೇ ಇದೆ. ತಿಂದು ಅಲ್ಲೇ ಕೂತಿರು. ಐದೂವರೆಗೆ ಬಾಗಿಲಲ್ಲಿ ಕೀಲಿ ತಿರುಗುವ ಸದ್ದಾಗುತ್ತದೆ. ಹೆದರಬೇಡ, ನಾನೇ.